ನಾದಿನಿಯ ಓದು, ಮಗಳ ಗುಳಿಗೆ

ನನ್ನ ಹೆಂಡತಿಯ ತಂಗಿ ವಕೀಲಿ ಓದು ಮುಗಿಸಿ ಅದರ ಮೇಲಿನ ಓದಿಗೆ ಸೇರಿದ್ದಾಳೆ. ಕಾಲೇಜು ಚರ್ಚ್‌ಗೇಟಿನ ಕಡೆ. ಬೊರಿವಲಿಯಲ್ಲಿ ಬೆಳಿಗ್ಗೆ ಲೋಕಲ್ ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆಯೇ. ಅವಳು ಆರಿಸಿಕೊಂಡ ವಿಷಯ ಆರೋಗ್ಯ ಮತ್ತು ಮಾನವ ಹಕ್ಕು. ಸೇರಿದ ಹೊಸದರಲ್ಲಿ ಒಂದು ಸಂಜೆ ಗಾಡಿಯಿಂದಲೇ ನನಗೆ ಫೋನ್ ಮಾಡಿದಳು.

"ಮಾಮಾ, ಇವತ್ತು ಕ್ಲಾಸಿನ್ಯಾಗ ಎಲ್ಲಾರೂ ತಮ್ತಮ್ಮ ಬ್ಯಾಕ್‌ಗ್ರೌಂಡ್ ಹೇಳಬೇಕಾಗಿತ್ತು. ಒಬ್ಬಾಕಿ ಡಾಕ್ಟರ್ ಇದ್ದಾಳ. ಒಬ್ಬಾಂವ ದಿಲ್ಲಿಯೊಳಗ ದೊಡ್ಡ ಸಂಸ್ಥಾದಾಗ ಕೆಲಸ ಮಾಡಿ ಬಂದಾನ. ಆಮ್ಯಾಲ ನನ್ನ ಪಾಳಿ ಬಂತು."

"ಏನಂದಿ?"

"ಬೊರಿವಲಿ ಅಂದೆ."

ಇಬ್ಬರೂ ನಕ್ಕೆವು. ಅವಳ ಅಕ್ಕ ತೀರಿದ ಮೇಲೆ ನಾವು ಹೀಗೆ ಒಟ್ಟಿಗೆ ನಕ್ಕಿದ್ದು ಅದೇ ಮೊದಲು ಎಂದು ಕಾಣುತ್ತದೆ. ನಗು ನಿಂತ ಮೇಲೆ ಅವಳೇ ಮುಂದುವರಿಸಿದಳು. "ಸರ್ ಬಿಡಲಿಲ್ಲ. ಈ ವಿಷಯ ಯಾಕ ತಗೊಂಡಿ ಅಂತ ಮತ್ತ ಕೇಳಿದ್ರು. ಅಕ್ಕನ ಗುಳಿಗಿ ತರಾಕ ಹೋಗ್ತಿದ್ನಿ, ಅದಕ್ಕ ಅನ್ನೂದು ಬಾಯಿತನಕ ಬಂದಿತ್ತು. ನುಂಗಿಕೊಂಡೆ."

"ಹೇಳಬೇಕಾಗಿತ್ತು."

"ನಿಮ್ಮನ್ನ ಕೇಳಲಾರದ ಹೆಂಗ ಹೇಳ್ಲಿ? ಜಡ್ಡು ಅಕ್ಕಂದು. ಅಕ್ಕ ಇಲ್ಲ. ಅಕ್ಕನ ಮಗಳು ಇನ್ನಾ ಸಣ್ಣಾಕಿ."

ಆಮೇಲೆ ಗಾಡಿ ಯಾವುದೋ ಸ್ಟೇಷನ್ನಿನಲ್ಲಿ ನಿಂತಿತು, ಜನ ನುಗ್ಗಿದರು, ಫೋನು ಕಟ್ಟಾಯಿತು.

ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. ಎ.ಸಿ. ರಿಪೇರಿ ಮಾಡುತ್ತೇನೆ. ಅಪ್ಪ ಅವ್ವ ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು, ನಾನು ಹುಟ್ಟಿದ್ದು ಇಲ್ಲೇ, ದಹಿಸರಿನ ಈ ಚಾಳಿನಲ್ಲೇ. ಅಪ್ಪ ಈಗಿಲ್ಲ. ಒಂದು ಖೋಲಿ, ಅದರ ಹಿಂದೆ ಅಡುಗೆಗೆ ಒಂದಿಷ್ಟು ಜಾಗ, ಮೇಲೆ ಸಾಮಾನು ಇಡುವ ಮಾಳಾ. ಇದರಲ್ಲಿ ನಾನು, ಅವ್ವ, ಮಗಳು. ಹೆಂಡತಿ ತೀರಿದ್ದು ಹೋದ ಮಳೆಗಾಲದಲ್ಲಿ.

ಅವಳಿಗೆ ಮದುವೆಗೆ ಮೊದಲೇ ಒಮ್ಮೆ ಟಿ.ಬಿ. ಆಗಿತ್ತು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಮಗಳು ಹುಟ್ಟಿ ಎರಡು ವರ್ಷದ ಮೇಲೆ ಕೆಮ್ಮು ಶುರುವಾಗಿ, ಮೈ ಇಳಿದು, ಸಂಜೆಯ ಜ್ವರ ಬಿಡದೆ ಹೋದಾಗ ಕರೆದುಕೊಂಡು ಹೋದೆ. ಡಾಕ್ಟರು ಹಿಂದಿಯಲ್ಲಿ ಕೇಳಿದರು, ಮೊದಲು ಯಾವಾಗಾದರೂ ಆಗಿತ್ತೇ ಎಂದು. "ನಹೀ" ಎಂದೆ ನಾನು, ಗಟ್ಟಿಯಾಗಿ. ಅವಳು ಮಾಸ್ಕಿನ ಒಳಗಿನಿಂದ, "ಹುವಾ ಥಾ", ಆಗಿತ್ತು, ಎಂದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ತಾನಾಗಿಯೇ ಹೇಳಿದಳು. ಅರ್ಧಕ್ಕಿಂತ ಹೆಚ್ಚು ಗುಳಿಗೆ ತೆಗೆದುಕೊಂಡಾಗಿತ್ತಂತೆ. ಗುಳಿಗೆ ಕೊಡುವ ಮುನಿಸಿಪಾಲಿಟಿಯ ಹೆಲ್ತ್ ಪೋಸ್ಟಿಗೆ ತಾನು ಹೋದರೆ ಜನ ನೋಡುತ್ತಾರೆ ಎಂದು ಕಾಲೇಜಿಗೆ ಹೋಗುವ ತಂಗಿಯೇ ದಾರಿಯಲ್ಲಿ ತರುತ್ತಿದ್ದಳಂತೆ. ಕೆಮ್ಮು ನಿಂತಿತ್ತು. ನಾವು ಹೆಣ್ಣು ನೋಡಲು ಹೋದದ್ದು ಆಗಲೇ. ಅವಳ ಕೆನ್ನೆ ತುಂಬಿಕೊಂಡಿದ್ದು ನೋಡಿ ಅವ್ವ ವಾಪಸು ಬರುವಾಗ ರಿಕ್ಷಾದಲ್ಲೇ ಒಪ್ಪಿಗೆ ಹೇಳಿದ್ದಳು. ಅದು ಗುಳಿಗೆಯಿಂದ ಬಂದ ಕಳೆ.

ನಮ್ಮ ಕಡೆ ಹೊಸ ಸೊಸೆಯ ಟ್ರಂಕನ್ನು ಗಂಡನ ಮನೆಯ ಹೆಂಗಸರೆಲ್ಲ ಸುತ್ತ ಕೂತು ಬಿಚ್ಚುತ್ತಾರೆ. ಸೀರೆ ಎಷ್ಟು, ಎಂಥವು, ಪಾತ್ರೆ ಏನು, ಒಳಗೆ ಏನೇನು ಇಟ್ಟು ಕಳಿಸಿದ್ದಾರೆ ಎಂದು ಒಂದೊಂದೇ ಎತ್ತಿ ನೋಡುತ್ತಾರೆ. ಅದರಲ್ಲಿ ಕೆಟ್ಟದ್ದೇನಿಲ್ಲ, ನಗುತ್ತ ಹಾಡುತ್ತ ಮಾಡುವ ಕೆಲಸ. ತಂಗಿ ಉಳಿದ ಗುಳಿಗೆಗಳನ್ನು ಕುಪ್ಪಸದ ಖಣದ ಬಟ್ಟೆಗಳ ಮಡಿಕೆಯಲ್ಲಿ ಸೇರಿಸಿ ಇಟ್ಟಿದ್ದಳಂತೆ. ಅವರ ಅವ್ವ ಕಡೆಯ ಗಳಿಗೆಯಲ್ಲಿ ಹುಡುಕಿ ತೆಗೆದುಬಿಟ್ಟರು. ಆರಾಮಾಗಿದ್ದಾಳಲ್ಲ, ಇನ್ನು ಯಾಕೆ ಎಂದು.

"ನಿಮ್ಮ ಮನ್ಯಾಗ ಟ್ರಂಕ್ ಬಿಚ್ಚಿದಾಗ ಗುಳಿಗಿ ಸಿಕ್ಕಿದ್ರ ನಮ್ಮಪ್ಪ ಯಾರಿಗೆ ಮಾರಿ ತೋರಸ್ತಿದ್ದ ಹೇಳ್ರಿ," ಎಂದಳು ನನ್ನ ಹೆಂಡತಿ.  ಅವಳು ಮತ್ತೆ, "ಮುಗಿಸಿದ್ರ ಚಲೋ ಆಗ್ತಿತ್ತು," ಎಂದಳು, ಅಡುಗೆಯಲ್ಲಿ ಉಪ್ಪು ಕಡಿಮೆಯಾಯಿತು ಎನ್ನುವ ಹಾಗೆ.

ಎರಡನೆಯ ಸಲ ಬಂದ ಕಾಯಿಲೆಗೆ ಮೊದಲಿನ ಗುಳಿಗೆ ನಾಟಲಿಲ್ಲ. ಬೇರೆ ಕೊಟ್ಟರು. ಕಿವಿ ಮಂದವಾಯಿತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವ್ವ ಅವಳ ಬಟ್ಟೆ ಒಗೆದಳು, ತಲೆ ಬಾಚಿದಳು, ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅದನ್ನು ನಾನು ಬರೆಯಲೇಬೇಕು, ಯಾಕೆಂದರೆ ಮುಂದೆ ಅವ್ವನ ಬಗ್ಗೆ ಬೇರೆ ರೀತಿಯ ಮಾತು ಬರುತ್ತದೆ. ಚಾಳಿನವರಿಗೆ ಮಾತ್ರ ಅವ್ವ ನಿಮೋನಿಯಾ ಎಂದೇ ಹೇಳಿದಳು. ಕೊನೆಯವರೆಗೂ ಅದನ್ನೇ ಹೇಳಿದಳು.

ಹೆಂಡತಿಯ ದಿನಕರ್ಮಗಳು ಮುಗಿದ ಮೇಲೆ ಡಾಕ್ಟರು ಮಗಳನ್ನು ಕರೆಸಿ ಪರೀಕ್ಷೆ ಮಾಡಿದರು. ಏನೂ ಇಲ್ಲ ಎಂದರು. ಆದರೆ ತಾಯಿಯ ಮಗ್ಗುಲಲ್ಲೇ ಮಲಗಿದ ಕೂಸು, ಕಾಯಿಲೆ ಒಳಗೆ ಸುಮ್ಮನೆ ಕೂತಿರಬಹುದು, ಏಳದ ಹಾಗೆ ಕೆಲವು ತಿಂಗಳು ಔಷಧಿ ಕೊಡಬೇಕು, ಒಂದು ದಿನವೂ ತಪ್ಪಿಸಬೇಡಿ ಎಂದರು. ಸುಮ್ಮನೆ ಕೂತಿರಬಹುದು ಎನ್ನುವ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪವಾಯಿಯ ದೊಡ್ಡ ಬಿಲ್ಡಿಂಗುಗಳಲ್ಲಿ ಎ.ಸಿ. ಬಿಚ್ಚಿ ಜಾಳಿಯ ಧೂಳು ತೊಳೆಯುವಾಗ, "ಅಬ್ ಹವಾ ಸಾಫ್ ಆಯೇಗೀ ನಾ?" ಎಂದು ಮನೆಯವರು ಕೇಳುತ್ತಾರೆ. ಹೌದು, ಗಾಳಿ ಚೊಕ್ಕ ಬರುತ್ತದೆ ಎನ್ನುತ್ತೇನೆ. ನಮ್ಮ ಖೋಲಿಯ ಒಂದೇ ಕಿಟಕಿ ಓಣಿಗೆ ತೆರೆಯುತ್ತದೆ. ಅದರ ಹತ್ತಿರ ಮಗಳ ಹಾಸಿಗೆ ಸರಿಸಿದ್ದೇನೆ. ಬೆಳಗಿನ ಜಾವ ಅವಳು ಒಂದು ಸಲ ಕೆಮ್ಮಿದರೆ ಎದ್ದು ಕೂತುಬಿಡುತ್ತೇನೆ. ಎರಡನೆಯದು ಬರುತ್ತದೋ ಇಲ್ಲವೋ ಎಂದು ಕಾಯುತ್ತೇನೆ. ಅವ್ವನೂ ಆ ಕಡೆ ಎಚ್ಚರಾಗಿರುತ್ತಾಳೆ. 

ಗುಳಿಗೆಯನ್ನು ಚಮಚೆಯಲ್ಲಿ ನೀರು ಹಾಕಿ ಕರಗಿಸಬೇಕು. ಕಹಿ. ಬೆಲ್ಲ ಕೊಟ್ಟರೂ ಮುಖ ಹಿಂಡುತ್ತಾಳೆ. ಮೊದಲ ವಾರ ಹೆಲ್ತ್ ಪೋಸ್ಟಿನ ಹೆಣ್ಣುಮಗಳೊಬ್ಬರು ಮನೆಗೇ ಬಂದು ಎದುರಿಗೆ ಕುಡಿಸಿದರು. ಕುಡಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವುದು ಅವರ ಪದ್ಧತಿ. ಮಗಳಿಗೆ ಅದು ಬಹಳ ಹಿಡಿಸಿತು. ಆಮೇಲೆ ಮನೆಯಲ್ಲಿ ಯಾರು ಏನು ತಿಂದರೂ ಅವರ ಮುಂದೆ ನಿಂತು, "ಆ ಕರೋ, ಜೀಭ್ ಉಪರ್" ಎನ್ನತೊಡಗಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಅವ್ವ ಎಲೆ ಅಡಿಕೆ ಹಾಕಿಕೊಂಡಾಗಲೂ ಬಾಯಿ ತೆರೆಯಬೇಕಾಗಿತ್ತು.

"ಇದರ ಮೌಶಿ ವಕೀಲಿ, ಇದು ಪೊಲೀಸ," ಎನ್ನುತ್ತಿದ್ದಳು ಅವ್ವ.

ದೀಪಾವಳಿ ಕಳೆದ ಮೇಲೆ ಅವ್ವ ನನ್ನ ಮರುಮದುವೆಯ ಮಾತು ತೆಗೆದಳು. ನಾನು ಒಲ್ಲೆ ಎಂದೆ. ಅವ್ವ ಅಳಲಿಲ್ಲ, ಸಿಟ್ಟಾಗಲಿಲ್ಲ. "ನಾ ಇನ್ನೆಷ್ಟು ವರ್ಷಪಾ? ನಾ ಹೋದಮ್ಯಾಲ ಈ ಹೆಣ್ಣುಕೂಸಿಗೆ ತಲಿ ಬಾಚವರು ಯಾರು?" ಎಂದಳು.  ನನ್ನ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ತಿಳಿದು ಊರಿನಲ್ಲಿ ತಾನು ಕಂಡಿದ್ದ ಹುಡುಗಿಯೊಬ್ಬಳ ಮನೆಗೆ ಫೋನ್ ಮಾಡಿದಳು. ಹುಡುಗಿಯ ಅಪ್ಪ, ಹುಡುಗಿಯ ದೊಡ್ಡವ್ವ ಮನೆ ನೋಡಲು ಬರುತ್ತಾರೆ, ಎರಡು ದಿನ ನಮ್ಮಲ್ಲೇ ಇರುತ್ತಾರೆ ಎಂದಾಯಿತು.

ಅವರು ಬರುವ ಹಿಂದಿನ ದಿನ ನಾದಿನಿ ಫೋನ್ ಮಾಡಿದಳು. ಭಾನುವಾರ ಅವಳು ಯಾವಾಗಲೂ ಬಂದು ಮಗಳಿಗೆ ಎರೆದು ಹೋಗುತ್ತಾಳೆ. "ಅತ್ತಿ ನನಗ ನಾಳೆ ಬರಬ್ಯಾಡ ಅಂದ್ರು," ಎಂದಳು.

ನನಗೆ ನಾಚಿಕೆಯಾಯಿತು. "ಬ್ಯಾಸರ ಆತೇನು?"

"ಮದಿವಿಗೆ ಬ್ಯಾಸರ ಇಲ್ಲ ಮಾಮಾ. ನೀವು ಮಾಡ್ಕೋರಿ, ಅಕ್ಕನೂ ಹಂಗ ಅಂತಿದ್ಲು. ಗುಳಿಗಿ ಏನ್ ಮಾಡ್ತೀರಿ ಅಷ್ಟ ಹೇಳ್ರಿ."

"ಕೊಡ್ತೇನಿ."

"ಬಂದವರ ಮುಂದ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಳು ವಕೀಲರ ಹಾಗೆ ನಿಧಾನವಾಗಿ ಹೇಳಿದಳು. ಯಾರಿಗೆ ಹೇಳಬೇಕು, ಬಿಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ, ಹೇಳಲೇಬೇಕು ಎಂದು ಯಾವ ಕಾನೂನೂ ನಿಮ್ಮನ್ನು ಹಿಡಿದು ಕೇಳುವುದಿಲ್ಲ. ಆದರೆ ಮುಚ್ಚಿಡುವ ಸಲುವಾಗಿ ಗುಳಿಗೆ ತಪ್ಪಬಾರದು. "ಓಣ್ಯಾಗ ಕರ್ಕೊಂಡು ಹೋಗಿ ಕೊಡ್ರಿ, ಸಂಡಾಸಿನ ಹಂತೇಲಿ ಕೊಡ್ರಿ. ಕೊಡ್ರಿ ಅಷ್ಟ."

ಭಾನುವಾರ ಅವರು ಊರಿನ ಬಸ್ಸಿನಿಂದ ಇಳಿದು ಬೆಳಿಗ್ಗೆ ಬೇಗ ಬಂದರು. ಹುಡುಗಿಯ ಅಪ್ಪ ಧೋತರ, ಟೋಪಿ, ಮಿತಭಾಷಿ. ದೊಡ್ಡವ್ವ ಮಾತುಗಾರ್ತಿ. ಬಂದವಳೇ ಖೋಲಿಯ ನಾಲ್ಕೂ ಮೂಲೆ ನೋಡಿ, "ಮುಂಬೈ ಮುಂಬೈ ಅಂತಾರ, ನಮ್ಮ ಎಮ್ಮಿ ಇದಕ್ಕಿಂತ ದೊಡ್ಡ ಜಾಗದಾಗ ಇರ್ತಾವಲ್ಲವಾ," ಎಂದಳು.

"ಎಮ್ಮಿಗೆ ಲೋಕಲ್ ಸಿಗಂಗಿಲ್ರಿ," ಎಂದಳು ಅವ್ವ. ಎಲ್ಲರೂ ನಕ್ಕರು. ಚೆನ್ನಾಗಿಯೇ ಶುರುವಾಯಿತು.

ಗುಳಿಗೆ ಕೊಡುವ ಹೊತ್ತಾಗಿತ್ತು. ದೇವರ ಫೋಟೋದ ಪಕ್ಕ ಗೋಡೆಗೆ ಹೊಡೆದ ಹಲಗೆಯ ಫಳಿಯ ಮೇಲೆ ಗುಳಿಗೆಯ ಡಬ್ಬಿ ಇರುತ್ತದೆ. ಇರಲಿಲ್ಲ. ನಾನು ಅಡುಗೆಯ ಕಡೆ ಹೋಗಿ ಸಣ್ಣ ದನಿಯಲ್ಲಿ ಕೇಳಿದೆ.

"ಅವ್ವಾ, ಡಬ್ಬಿ ಎಲ್ಲಿ?"

"ಚಾ ಒಯ್ದು ಕೊಡು ಮೊದಲ."

"ಡಬ್ಬಿ ಎಲ್ಲಿ?"

"ಎರಡ ದಿನದಾಗ ಏನೂ ಆಗಂಗಿಲ್ಲ. ಅವರು ಹೋಗಲಿ, ಆಮ್ಯಾಲ ಕೊಡ್ತೀನಿ. ಈಗ ಬಾಯಿ ಮುಚ್ಚು, ಕೇಳಸ್ತೈತಿ."  ಅವ್ವ ಕಪ್ಪು-ಬಸಿಗಳನ್ನು ನನ್ನ ಕೈಗೆ ಕೊಟ್ಟಳು.

ನಾನು ಚಹಾ ಒಯ್ದು ಕೊಟ್ಟೆ. ಮನಸ್ಸೆಲ್ಲ ಡಬ್ಬಿಯ ಕಡೆ ಇತ್ತು. ಮಾಳಾದ ಮೇಲೆ ಇಟ್ಟಿದ್ದಾಳೋ, ಪಕ್ಕದ ಮನೆಯಲ್ಲಿ ಕೊಟ್ಟಿದ್ದಾಳೋ, ಎಸೆದಿದ್ದರೆ? ಇಂದು ಭಾನುವಾರ, ಹೆಲ್ತ್ ಪೋಸ್ಟು ಮುಚ್ಚಿರುತ್ತದೆ. ಎರಡು ದಿನ ಎಂದರೆ ಎರಡೇ ದಿನ ಆಗುತ್ತದೆಯೇ? ಮಾತು ಕೂಡಿದರೆ ಆಮೇಲೆ ಹುಡುಗಿ ಬರುತ್ತಾಳೆ, ಅವಳ ಮನೆಯವರು ಬರುತ್ತಾರೆ, ಎಷ್ಟು ದಿನ ಅಡಗಿಸುವುದು? ಮಗಳು ನನ್ನ ಮೊಣಕಾಲಿಗೆ ಒರಗಿ ನಿಂತು ಬಂದವರನ್ನು ನೋಡುತ್ತಿದ್ದಳು. ಅವಳ ಉಸಿರು ಸಣ್ಣಗೆ ನನ್ನ ಕೈಗೆ ತಾಗುತ್ತಿತ್ತು.

ಆಗ ನಾದಿನಿ ಬಂದಳು. ಬರಬೇಡ ಎಂದರೂ ಬಂದಿದ್ದಳು. ಅವ್ವ ಒಂದು ಕ್ಷಣ ತಡವರಿಸಿ, "ನಮ್ಮ ಪೈಕಿ ಹುಡುಗಿ. ವಕೀಲಿ ಓದ್ತಾಳ," ಎಂದು ಪರಿಚಯ ಮಾಡಿದಳು. ನಾದಿನಿ ನನ್ನ ಮುಖ ನೋಡಿದಳು, ಆಮೇಲೆ ಫಳಿಯ ಮೇಲೆ ನೋಡಿದಳು.  ಕೂತು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ವಕೀಲ್ಯಾಗ ಏನ್ ಓದ್ತೀವಾ?" ಎಂದರು ಹುಡುಗಿಯ ಅಪ್ಪ.

"ಆರೋಗ್ಯ, ಮತ್ತ ಮಾನವ ಹಕ್ಕು ಅಂತ್ರಿ."

"ಆರೋಗ್ಯ ಅಂದ್ರ ಡಾಕ್ಟರು, ಹಕ್ಕು ಅಂದ್ರ ವಕೀಲರು. ನೀ ಇದರಾಗ ಯಾರು?" ಎಂದಳು ದೊಡ್ಡವ್ವ.

"ಇಬ್ಬರ ಕೂಡಾನೂ ಜಗಳಾಡಾಕಿ ರೀ."

ದೊಡ್ಡವ್ವ ಜೋರಾಗಿ ನಕ್ಕು ತೊಡೆ ತಟ್ಟಿದಳು. "ಹಿಂತಾಕಿ ಬೇಕು ನೋಡು ಮನಿಗೊಬ್ಬಾಕಿ. ಅಲ್ಲವಾ, ಬ್ಯಾರೆ ಏನೂ ಸಿಗಲಿಲ್ಲೇನು? ಇದನ್ಯಾಕ ಹಿಡಿದಿ?"

ಅವ್ವ ಅಡುಗೆಯ ಬಾಗಿಲಲ್ಲಿ ಚೂಡಾದ ತಟ್ಟೆ ಹಿಡಿದು ನಿಂತಿದ್ದಳು. ನಾದಿನಿ ಮಗಳ ಕೂದಲು ಸರಿ ಮಾಡುತ್ತ, "ನಮ್ಮ ಮನ್ಯಾಗ ಒಬ್ಬರಿಗೆ ಆರಾಮ ಇರಲಿಲ್ರಿ," ಎಂದಳು.

"ಏನಾಗಿತ್ತು?"

"ಅದನ್ನ ಅವರ ಹೇಳಬೇಕ್ರಿ."

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸುತ್ತಿದ್ದೆ. ಹೇಳಬೇಕಾದವಳು ಇಲ್ಲ, ಅವಳ ಫೋಟೋವನ್ನೂ ಅವ್ವ ಅಂದಿನ ಮಟ್ಟಿಗೆ ತೆಗೆದಿಟ್ಟಿದ್ದಳು, ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಅವ್ವ ತಟ್ಟೆ ಇಟ್ಟು ಮಾತು ಬೇರೆ ಕಡೆ ತಿರುಗಿಸಿದಳು, ಊರಿನ ಮಳೆ, ಬಸ್ಸಿನ ರಸ್ತೆ. ಹುಡುಗಿಯ ಅಪ್ಪ ಒಂದು ಮುಷ್ಟಿ ಚೂಡಾ ಬಾಯಿಗೆ ಹಾಕಿ ಅಗಿದು ನುಂಗಿದರು. ಮಗಳು ನಾದಿನಿಯ ತೊಡೆಯಿಂದ ಇಳಿದು ಅವರ ಮುಂದೆ ಹೋಗಿ ನಿಂತಳು.

"ಆ ಕರೋ. ಜೀಭ್ ಉಪರ್."

ಅವರು ಗಾಬರಿಯಾಗಿ ನಮ್ಮನ್ನೆಲ್ಲ ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ನಿಜವಾಗಿಯೂ ಬಾಯಿ ತೆರೆದರು. ಮಗಳು ಬಗ್ಗಿ ನೋಡಿ, "ಶಾಬಾಶ್" ಎಂದಳು.

"ಇದೇನಾಟವಾ?" ಎಂದಳು ದೊಡ್ಡವ್ವ.

"ಗೋಲಿ ಖಾನೇ ಕೆ ಬಾದ್ ಕರ್‌ನಾ ಪಡ್ತಾ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಪಪ್ಪಾ, ಮೇರಾ ಗೋಲಿ?"

"ಕೂಸಿಗೆ ಗುಳಿಗಿ ಯಾಕ?" ದೊಡ್ಡವ್ವ ನಗುವುದನ್ನು ನಿಲ್ಲಿಸಿದ್ದಳು.

"ಶಕ್ತಿದವು, ಶಕ್ತಿ ಗುಳಿಗಿ," ಎಂದಳು ಅವ್ವ ಬೇಗ ಬೇಗ.

ಶಕ್ತಿಯದು ಎಂದೇ ಬಿಟ್ಟುಬಿಡಬಹುದಾಗಿತ್ತು. ಮಾತು ಅಲ್ಲಿಗೆ ಮುಗಿಯುತ್ತಿತ್ತು, ಡಬ್ಬಿ ಹೊರಗೆ ಬರುತ್ತಿತ್ತು. ಆದರೆ ಆ ಸುಳ್ಳನ್ನು ಮಗಳು ಕೇಳಿಸಿಕೊಂಡಳು. ಅವ್ವನ ಮುಖವನ್ನೇ ನೋಡುತ್ತಿದ್ದಳು. ಇವಳು ದೊಡ್ಡವಳಾಗಿ ಯಾರದೋ ಮನೆಗೆ ಹೋಗುವ ದಿನ ತನ್ನ ಗುಳಿಗೆಯನ್ನು ಯಾವುದರಲ್ಲಿ ಮುಚ್ಚುತ್ತಾಳೆ ಎಂದು ನನಗೆ ಒಮ್ಮೆಲೇ ಅಂಜಿಕೆ ಬಂತು. 

"ಇದರ ಅವ್ವಗ ಟಿ.ಬಿ. ಆಗಿತ್ರಿ," ಎಂದೆ. "ಅದರಾಗ ಹೋದಳು. ಕೂಸಿಗೆ ಏನಿಲ್ಲ. ಬರಬಾರದಂತ ದಿನಾ ಗುಳಿಗಿ ಕೊಡ್ತೇವಿ. ಈಕಿ ಅವಳ ತಂಗಿ."

 ಓಣಿಯಲ್ಲಿ ಯಾರೋ ನೀರಿನ ಕೊಡ ಎಳೆದುಕೊಂಡು ಹೋದ ಸದ್ದು ಕೇಳಿಸಿತು. ಅವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹುಡುಗಿಯ ಅಪ್ಪ ಕಪ್ಪನ್ನು ಬಸಿಯ ಮೇಲಿಟ್ಟು ಕೇಳಿದರು, "ಇನ್ನ ಬರಂಗಿಲ್ಲಲ್ಲ?"

"ಗೊತ್ತಿಲ್ರಿ."

ನಾನು ಸ್ಟೂಲು ಹತ್ತಿ ಮಾಳಾದ ಮೇಲೆ ಕೈಯಾಡಿಸಿದೆ. ಡಬ್ಬಿ ಚಾದರದ ಗಂಟಿನ ಹಿಂದೆ ಸಿಕ್ಕಿತು. ನಾದಿನಿ ಚಮಚೆಯಲ್ಲಿ ನೀರು ತಂದಳು. ಎಲ್ಲರ ಎದುರಿಗೆ ಮಗಳು ಮುಖ ಹಿಂಡಿ ಕುಡಿದಳು.

ಅವರು ಎರಡು ದಿನ ಇರಲಿಲ್ಲ. ಊಟ ಮಾಡಿ, ಸಂಜೆಯ ಬಸ್ಸಿಗೇ ಹೊರಟರು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಊರಿಗೆ ಹೋಗಿ ವಿಚಾರ ಮಾಡಿ ಫೋನ್ ಮಾಡುತ್ತೇವೆ ಎಂದರು. ಮಾಡಲಿಲ್ಲ. ನನಗೆ ಅದರಿಂದ ದುಃಖವಾಗಲಿಲ್ಲ, ಆದರೆ ಅವ್ವನ ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಅಡುಗೆ ಮಾಡಿ ಬಡಿಸುತ್ತಿದ್ದಳು. ಒಂದೇ ಸಲ ಅಂದಳು: "ನಿನ್ನ ಮಾತು ಗ್ವಾಡಿ ದಾಟಿ ಹೋಗೈತಿ. ನನಗ ಬ್ಯಾಡ, ಆ ಕೂಸಿಗೆ ಏನ್ ಉಳಿಸಿದಿ ನೋಡು."

ಗೋಡೆ ದಾಟಿದ್ದು ನಿಜ. ಚಾಳಿನ ಗೋಡೆಗಳು ತೆಳುವು. ಪಕ್ಕದ ಮರಾಠಿ ಮನೆಯ ಹುಡುಗಿ ಮಗಳಿಗಿಂತ ಸ್ವಲ್ಪ ದೊಡ್ಡವಳು, ದಿನಾ ಬೆಳಿಗ್ಗೆ ಆಡಲು ಬರುವವಳು. ಬರುವುದು ನಿಂತಿತು. ಮಗಳು ಬಾಗಿಲ ಹತ್ತಿರ ಕೂತು ಕಾಯುತ್ತಿದ್ದಳು. ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಳು. ನಂತರ ಕೇಳುವುದು ಬಿಟ್ಟು ಗುಳಿಗೆಗೆ ಬಾಯಿ ಮುಚ್ಚಿದಳು. ಚಮಚೆ ಹತ್ತಿರ ತಂದರೆ ಹಲ್ಲು ಬಿಗಿಯುತ್ತಿದ್ದಳು. ಗೆಳತಿ ಬಂದರೆ ಕುಡಿಯುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದಳು. ಒಂದು ದಿನ ಅರ್ಧ ಉಗುಳಿದಳು. ನಾದಿನಿಗೆ ಫೋನ್ ಮಾಡಿದೆ.  "ಕಾಲೇಜಿನ್ಯಾಗ ಇದಕ್ಕ ಉತ್ತರ ಹೇಳಿಕೊಡಂಗಿಲ್ಲ ಮಾಮಾ," ಎಂದಳು. "ನಾ ಬಂದು ಆ ಬಾಜೂ ಮನಿಯವರ ಕೂಡ ಮಾತಾಡ್ಲೇನು?"

ಮರುದಿನ ಬೆಳಿಗ್ಗೆ ಮಗಳು ಚಮಚೆಯನ್ನು ಕೈಯಿಂದ ತಳ್ಳಿದಳು. ಔಷಧಿ ನೆಲದ ಮೇಲೆ ಚೆಲ್ಲಿತು. ನಾನು ಇನ್ನೊಂದು ಗುಳಿಗೆ ತೆಗೆಯುತ್ತಿದ್ದೆ, ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಪಕ್ಕದ ಮನೆಯ ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಅವ್ವನ ಮರಾಠಿ ಕೇಳಿಸಿತು, ಅರ್ಧ ಕನ್ನಡದ ಮರಾಠಿ, ಇಡೀ ಓಣಿಗೆ ಕೇಳುವ ಹಾಗೆ.

"ಮಾಝ್ಯಾ ಸೊಸೀಲಾ ಟಿ.ಬಿ. ಹೋತಾ. ಹೋ, ಟಿ.ಬಿ.! ನಿಮೋನಿಯಾ ಅಲ್ಲ. ಕೂಸೀಲಾ ಕಾಯ್ ನಾಹೀ. ಬರಬಾರದಂತ ಗುಳಿಗಿ ದೇತೇ ಆಮ್ಹೀ. ತುಝೀ ಹುಡುಗಿ ಬರಲಿಲ್ಲಂದ್ರ ಮಾಝೀ ಹುಡುಗಿ ಗುಳಿಗಿ ಘೇತ್ ನಾಹೀ. ಸಮಜಲಾ ಕಾ?"

 ಅವ್ವ ಬಂದು, ಯಾರನ್ನೂ ನೋಡದೆ, ನೆಲ ಒರೆಸಿದಳು. ಅವಳ ಕಿವಿ ಕೆಂಪಾಗಿತ್ತು.

ಅಂದು ಯಾರೂ ಬರಲಿಲ್ಲ. ಮಗಳ ಮೂಗು ಹಿಡಿದು ಕುಡಿಸಿದೆವು. ಕೆಲಸದ ಮೇಲೆ ಇಡೀ ದಿನ ಅವಳ ಅಳು ನನ್ನ ಕಿವಿಯಲ್ಲಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ಚಮಚೆ ಕಲಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದ ಮನೆಯ ಹುಡುಗಿ ಹೊಸ್ತಿಲ ಆಚೆ ನಿಂತಿದ್ದಳು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡು. ಅವಳ ಹಿಂದೆ ಓಣಿಯಲ್ಲಿ ಅವಳ ತಾಯಿ, ಅರ್ಧ ಮರೆಯಲ್ಲಿ. ಮಗಳು ಗೆಳತಿಯನ್ನು ನೋಡುತ್ತಲೇ ಬಾಯಿ ತೆರೆದು ಚಮಚೆಯನ್ನು ಖಾಲಿ ಮಾಡಿದಳು. ಆ ಹುಡುಗಿ ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಒಳಗೆ ಬಾ ಎಂದು ಕರೆಯಬೇಕೋ, ಕರೆದರೆ ಅವಳ ತಾಯಿ ಏನು ಮಾಡುತ್ತಾರೋ ಎಂದು ತಿಳಿಯದೆ ನಾನು ಚಮಚೆ ಹಿಡಿದು ಹಾಗೆಯೇ ಕೂತಿದ್ದೆ.